ಏಳೂವರೆ ಬಸ್ಸಿನ ಇಂಗಾಲ

ನಾನು ಕಾರು ಕೊಂಡದ್ದರ ನಿಜವಾದ ಕಾರಣವನ್ನು ಮನೆಯಲ್ಲೂ ಹೇಳಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ನನಗೆ ನಿದ್ದೆ ಬರುತ್ತದೆ. ಬರೀ ನಿದ್ದೆಯಾದರೆ ಪರವಾಗಿಲ್ಲ, ಬಾಯಿಯೂ ತೆರೆದುಕೊಳ್ಳುತ್ತದೆ. ಕನ್ನಡ ಮೇಷ್ಟರು ದೊಡ್ಡಗಾಜನೂರಿನಿಂದ ಚಾಮರಾಜನಗರದವರೆಗೂ ಬಾಯಿ ಬಿಟ್ಟುಕೊಂಡೇ ಬರುತ್ತಾರೆ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಅದಾದ ಕೆಲವು ತಿಂಗಳಿಗೆ ನಮ್ಮ ಬಾಗಿಲ ಮುಂದೆ ಯಾರೋ ಓಡಿಸಿ ಹಳೆಯದು ಮಾಡಿ ಮಾರಿದ ಬಿಳಿ ಕಾರೊಂದು ಬಂದು ನಿಂತಿತು. ಸಮಯ ಉಳಿಯುತ್ತದೆ ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಉಳಿದ ಸಮಯ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಕಳೆದುಕೊಂಡದ್ದು ಮಾತ್ರ ಗೊತ್ತು: ಬಸ್ಸಿನ ಕನಸು. ಸ್ಟೀರಿಂಗ್ ಹಿಡಿದವನು ಅರಿಶಿನದ ಹೊಲವನ್ನು ನೋಡುವಂತಿಲ್ಲ, ಮೋಡದ ನೆರಳು ಬೆಟ್ಟದ ಬೆನ್ನಿನ ಮೇಲೆ ಹರಿಯುವುದನ್ನು ಹಿಂಬಾಲಿಸುವಂತಿಲ್ಲ. ಮುಂದಿನ ಲಾರಿಯ ಹಿಂಭಾಗವನ್ನು ನೋಡಿಕೊಂಡು ಹೋಗಬೇಕು. ನನ್ನ ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ, ಹಿಂದಿನ ಸೀಟಿನಲ್ಲಿ ಛತ್ರಿ ಮತ್ತು ತಿದ್ದದ ಉತ್ತರಪತ್ರಿಕೆಗಳು. ಎರಡು ವರ್ಷ ಇವರನ್ನೇ ತಮಿಳುನಾಡಿನ ನಮ್ಮೂರಿನಿಂದ ಕರ್ನಾಟಕದ ಶಾಲೆಗೆ ಗಡಿ ದಾಟಿಸಿ ಕರೆದುಕೊಂಡು ಹೋಗಿ, ಸಂಜೆ ವಾಪಸು ತಂದಿದ್ದೇನೆ.

ಅಕ್ಕನ ಮಗಳು ನಂದಿನಿ ಕೊಯಮತ್ತೂರಿನಲ್ಲಿದ್ದಾಳೆ. ನಗರದ ಇಂಗಾಲವನ್ನು ತಗ್ಗಿಸುವುದು ಅವಳ ಕೆಲಸ. ಈ ಇಂಗಾಲ ಎಂಬ ಪದದ ಮೇಲೆ ನನಗೆ ಮೊದಲಿಂದ ಒಂದು ಮೋಹ. ಸಂಸ್ಕೃತದ ಅಂಗಾರ ಪ್ರಾಕೃತದ ಬಾಯಲ್ಲಿ ಮೆದುವಾಗಿ, ಇಂಗಾಲವಾಗಿ ನಮ್ಮ ಮನೆಗೆ ಬಂದದ್ದು. ಕೆಂಡ ಆರಿ ಇದ್ದಲಾಗುವ ಹಾಗೆ ಅರ್ಥವೂ ಆರುತ್ತಾ ಬಂದಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ನಂದಿನಿ ತಡೆಯುತ್ತಾಳೆ. ಅವಳಿಗೆ ಅವಸರ. ಸೂರ್ಯನ ಬೆಳಕಿನಿಂದ ಕರೆಂಟು ತೆಗೆಯುವ ಹಲಗೆಗಳು ಬಂದಿವೆ, ಹೊಗೆಯಿಲ್ಲದ ಬಸ್ಸುಗಳೂ ಬರುತ್ತಿವೆ, ಯಂತ್ರಗಳ ಕಡೆಯಿಂದ ತೊಂದರೆಯಿಲ್ಲ ಎನ್ನುತ್ತಿದ್ದಳು. ಒಂದು ದಿನ ದನಿ ಸೋತಿತ್ತು. "ಬಸ್ಸು ತಂದು ನಿಲ್ಲಿಸಬಹುದು ಮಾವ, ಹತ್ತೋರನ್ನ ಎಲ್ಲಿಂದ ತರಲಿ? ಎಲ್ಲರೂ ಬಸ್ಸು ಒಳ್ಳೇದು ಅಂತಾರೆ, ಬೇರೆಯವರು ಹತ್ತಲಿ ಅಂತಾರೆ." ನಗರದವರು ಹಾಗೇ ಕಣಮ್ಮ ಎಂದು ಸಮಾಧಾನ ಹೇಳಿದೆ. ಹೇಳುವಾಗ ಕಾರು ಒರೆಸುತ್ತಿದ್ದೆ.

ಆ ವಾರವೇ ಕಾರು ಕೆಟ್ಟು ಗ್ಯಾರೇಜು ಸೇರಿತು. ಜೀರಹಳ್ಳಿಯಿಂದ ಹೊರಟು ತಾಳವಾಡಿ ಮೇಲೆ ನಮ್ಮೂರಿಗೆ ಏಳೂವರೆಗೆ ಬರುವ ಬಸ್ಸಿಗೆ ನಿಂತೆ. ಹಿಂದೆ ನಾವು ಒಂಟಿಕಾಲಲ್ಲಿ ನಿಂತು ಹೋಗುತ್ತಿದ್ದ ಬಸ್ಸು ಅದು. ಈಗ ಬೇಕಾದ ಕಡೆ ಕೂರಬಹುದಿತ್ತು. ಕಿಟಕಿಯ ಬಳಿ ಮಾದಮ್ಮ ಇದ್ದಳು. ಜೀರಹಳ್ಳಿ ಕಡೆಯ ಕಾಡಿನ ಪೋಡಿನವಳು, ಅಂದರೆ ಸೋಲಿಗರ ಹಾಡಿಯವಳು, ಚಾಮರಾಜನಗರದ ಆಸ್ಪತ್ರೆಯಲ್ಲಿ ಆಯಾ. ಹಳೆಯ ಸಹಪ್ರಯಾಣಿಕಳು. ನನ್ನ ತೆರೆದ ಬಾಯನ್ನು ಎಷ್ಟೋ ಸಲ ನೋಡಿದ್ದರೂ ಯಾರಿಗೂ ಹೇಳಿದವಳಲ್ಲ.

ಬಸ್ಸು ಇಷ್ಟು ಖಾಲಿಯೇಕೆಂದು ಕೇಳಿದೆ. ಬರುವ ತಿಂಗಳಿಂದ ಈ ಟ್ರಿಪ್ಪನ್ನೇ ನಿಲ್ಲಿಸುತ್ತಾರಂತೆ ಎಂದಳು. ಜನ ಸಾಲದು. ಆಮೇಲಿನ ಬಸ್ಸು ಹಿಡಿದರೆ ಅವಳ ಡ್ಯೂಟಿಗೆ ಆಗದು. ಆಸ್ಪತ್ರೆಯವರು ಅಲ್ಲೇ ರೂಮು ಮಾಡಿಕೊಂಡಿರು ಎನ್ನುತ್ತಿದ್ದಾರೆ.

"ಕಾಡು ಬುಟ್ಟು ಓದ್ರೆ ನಂಗೆ ನಿದ್ದೆ ಬರದು ಮೇಷ್ಟ್ರೆ," ಎಂದಳು. "ನೀವೆಲ್ಲಾ ಒಬ್ಬೊಬ್ರಾಗಿ ಕಾರ್ ತಕಂಡ್ರಿ. ಬಸ್ಸು ಸೊರಗೋಯ್ತು."

ಬೈದಿದ್ದರೆ ಏನಾದರೂ ವಾದ ಹೂಡಬಹುದಿತ್ತು. ಅವಳು ರೋಗಿಯ ಸ್ಥಿತಿ ಹೇಳುವವಳಂತೆ ಹೇಳಿದಳು. ನಾನು ನಿದ್ದೆ ಹೋದೆ.

ಎರಡು ವರ್ಷದ ಬಾಕಿಯೆಲ್ಲ ಸೇರಿ ಅಂದು ದೊಡ್ಡದೊಂದು ಕನಸು ಬಿತ್ತು. ನಂದಿನಿಯ ನಗರ. ಮಾಳಿಗೆಗಳೆಲ್ಲ ಕೆರೆಯ ಹಾಗೆ ನೀಲಿಯಾಗಿ ಬಿಸಿಲು ಕುಡಿಯುತ್ತಿದ್ದವು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಬೇವಿನ ಮರಗಳು, ಅವುಗಳ ಕೆಳಗೆ ಮಾತಾಡುತ್ತಾ ಕೂತ ಜನ. ಬಸ್ಸುಗಳು ಮೀನಿನಂತೆ ಸದ್ದಿಲ್ಲದೆ ಸರಿದು ಬರುತ್ತಿದ್ದವು. ಒಂದು ಬಸ್ಸು ನನ್ನ ಮುಂದೆ ನಿಂತು ಬಾಗಿಲು ತೆರೆಯಿತು. ಹತ್ತಲು ಹೋದರೆ ಕಾಲು ಏಳುತ್ತಿಲ್ಲ. ನೋಡಿಕೊಂಡರೆ, ಸೀಟ್ ಬೆಲ್ಟ್ ಬಿಗಿದುಕೊಂಡು ರಸ್ತೆಯಲ್ಲೇ ಕೂತಿದ್ದೆ.

ಸಂಜೆ ಗೆಟ್ಟವಾಡಿಯ ರಾಚಪ್ಪನನ್ನು ಕಂಡೆ. ನನ್ನ ಜೊತೆ ಓದಿದವನು. ಚಾಮರಾಜನಗರದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟು, ದಿನಾ ಬೆಳಿಗ್ಗೆ ಒಬ್ಬನೇ ದೊಡ್ಡ ಕಾರಿನಲ್ಲಿ ಹೋಗುವವನು. ಮಾದಮ್ಮನ ಮಾತು, ನಂದಿನಿಯ ಮಾತು, ಸಾಲದ್ದಕ್ಕೆ ಭೂಮಿ ಬಿಸಿಯಾಗುವ ವಿಷಯವನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿ, "ಅದ್ಸರಿ ಕಣ್ಲಾ. ಆ ಬಸ್ಸು ಊರ್ ತಲುಪೋ ಒತ್ಗೆ ಅಂಗ್ಡಿ ಬಾಗ್ಲಲ್ಲಿ ಗಿರಾಕಿ ನಿಂತಿರ್ತಾನೆ. ಭೂಮಿಗೋಸ್ಕರ ಗಿರಾಕಿ ಬುಡ್ಲಾ?" ಎಂದ.

ಆಗ ನನಗೆ ಹೊಳೆಯಿತು. ನಾನು ಬಸ್ಸು ಬಿಟ್ಟದ್ದು ಬಾಯಿಗಾಗಿಯೇ ಇರಬಹುದು, ಆದರೆ ಬಹಳ ಮಂದಿ ಬಿಟ್ಟದ್ದು ಗಡಿಯಾರಕ್ಕಾಗಿ. ಬಸ್ಸು ಅರ್ಧ ಗಂಟೆ ಮುಂಚೆ ಹೊರಟರೆ ಶಾಲೆಯ ಗಂಟೆಗೂ ಸರಿ, ಅಂಗಡಿ ಬಾಗಿಲಿಗೂ ಸರಿ, ಮಾದಮ್ಮನ ಡ್ಯೂಟಿಗೂ ಸರಿ. ಹಾಗಾದರೆ ಬರುತ್ತೀಯಾ ಎಂದು ಕೇಳಿದೆ. ಒಂದು ತಿಂಗಳು ನೋಡೋಣ ಎಂದ. ವ್ಯಾಪಾರಿಯ ಬಾಯಲ್ಲಿ ಅದು ದೊಡ್ಡ ಮಾತು.

ನಾನೂ ರಾಚಪ್ಪನೂ ಬಸ್ ಡಿಪೋಗೆ ಹೋದೆವು. ಅಲ್ಲಿಯ ಅಧಿಕಾರಿ ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿ, ಮನು ಕೊಡಿ ಎಂದು ತಮಿಳಿನಲ್ಲಿ ಹೇಳಿದರು. ಅವರಿಗೆ ಮನು ಎಂದರೆ ಅರ್ಜಿ. ನಮ್ಮ ಕನ್ನಡದಲ್ಲಿ ಮನು ಮನುಷ್ಯರ ಮೂಲಪುರುಷ. ಕಾಗದದ ಜೊತೆ ಮನುಷ್ಯರನ್ನೂ ಕೊಡುತ್ತೇವೆ ಎಂದು ನಾನು ಹಾಸ್ಯ ಮಾಡಿದೆ, ಅವರು ನಗಲಿಲ್ಲ. ಹೊತ್ತು ಬದಲಿಸಿ ಒಂದು ತಿಂಗಳು ಓಡಿಸುತ್ತೇನೆ, ಆಗಲೂ ಖಾಲಿಯಿದ್ದರೆ ಮತ್ತೆ ಬರಬೇಡಿ ಎಂದರು.

ಮೊದಲ ವಾರ ಹೊಸದಾಗಿ ಹತ್ತಿದ್ದು ನಾನು, ರಾಚಪ್ಪ, ಅವನು ಎಳೆದು ತಂದ ಇಬ್ಬರು. ಎರಡನೇ ವಾರ ಒಂದು ದಿನ ಜಡಿಮಳೆ. ಹಾಸಿಗೆ ಬೆಚ್ಚಗಿತ್ತು, ರಿಪೇರಿಯಾಗಿ ಬಂದ ಕಾರು ಕೈಗೆಟಕುವಂತಿತ್ತು. ಒಂದು ದಿನಕ್ಕೇನು ಎಂದುಕೊಂಡು ಕಾರಿನಲ್ಲೇ ಹೊರಟೆ. ಗೆಟ್ಟವಾಡಿಯಲ್ಲಿ ನಿಂತಿದ್ದ ಬಸ್ಸನ್ನು ಹಿಂದಿಕ್ಕುವಾಗ ಮೇಲೆ ನೋಡಬಾರದಿತ್ತು, ನೋಡಿದೆ. ಕಿಟಕಿಯಲ್ಲಿ ಮಾದಮ್ಮ. ಛತ್ರಿ ಮಡಿಸುತ್ತಾ ರಾಚಪ್ಪ ಬಸ್ಸು ಹತ್ತುತ್ತಿದ್ದ. ಇಬ್ಬರೂ ನನ್ನನ್ನು ನೋಡಿದರು. ಆ ದಿನ ಗುಂಪುಗುಂಪಾಗಿ ಮಕ್ಕಳು ನೆನೆದುಕೊಂಡು ಶಾಲೆಗೆ ಬಂದವು. ಒಣಗಿದ ಅಂಗಿ ತೊಟ್ಟು ಪಾಠ ಮಾಡಲು ನನಗೆ ನಾಚಿಕೆಯಾಯಿತು.

ಮರುದಿನ ಹೇಗೆ ಮುಖ ತೋರಿಸಲಿ ಎಂದು ಹಿಂಜರಿಯುತ್ತಲೇ ಹತ್ತಿದೆ. ಹೊಸ ವೇಳೆಯ ಸುದ್ದಿ ಹರಡಿ ಬಸ್ಸು ಮುಕ್ಕಾಲು ತುಂಬಿತ್ತು. ಮಾದಮ್ಮ ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ನೆನ್ನೆನೂ ಜಾಗ ಇಡ್ಕಂಡಿದ್ದೆ," ಎಂದಳು. ಅಷ್ಟೇ.

ಆಮೇಲೆ ನಾನು ತಪ್ಪಿಸಿಲ್ಲ. ಇದರ ಹಿಂದೆ ನನ್ನ ಸಂಕಲ್ಪಬಲ ಇದೆಯೆಂದು ಯಾರೂ ತಿಳಿಯಬಾರದು. ಒಬ್ಬರು ಚೀಲವಿಟ್ಟು ಜಾಗ ಹಿಡಿದಿದ್ದಾರೆ ಎಂದು ಗೊತ್ತಿದ್ದೂ ಹೋಗದೆ ಇರುವುದು ಮಳೆಯಲ್ಲಿ ನೆನೆಯುವುದಕ್ಕಿಂತ ಕಷ್ಟ. ರಾಚಪ್ಪನ ಕಥೆ ಬೇರೆ. ಬಸ್ಸಿನಲ್ಲಿ ಕೂತವರಲ್ಲಿ ಅರ್ಧ ಜನ ರೈತರು, ಎಲ್ಲರಿಗೂ ಪಂಪ್‌ಸೆಟ್ಟಿನ ತಾಪತ್ರಯ ಎಂಬುದನ್ನು ಅವನು ಕಂಡುಕೊಂಡ. ಈಗ ಅವನ ಅಂಗಡಿ ಗೆಟ್ಟವಾಡಿಯಲ್ಲೇ ಬಾಗಿಲು ತೆರೆದು ದಾರಿಯುದ್ದಕ್ಕೂ ನಡೆಯುತ್ತದೆ. ಅವನು ಕರೆತಂದವರಲ್ಲಿ ಒಬ್ಬರು ಮತ್ತೆ ಕಾರಿಗೆ ಹೋದರು. ಇನ್ನೊಬ್ಬರು ಅಕ್ಕಪಕ್ಕದವರನ್ನೂ ಹತ್ತಿಸಿದರು. ತಿಂಗಳು ಮುಗಿಯಿತು, ಬಸ್ಸು ನಿಲ್ಲಲಿಲ್ಲ. ಕಾರನ್ನೂ ನಾನು ಮಾರಿಲ್ಲ. ಮದುವೆಗೆ, ಕಾಯಿಲೆಗೆ ಇರಲಿ ಎಂದು ಹೊದಿಕೆ ಹಾಕಿ ನಿಲ್ಲಿಸಿದ್ದೇನೆ.

ನಂದಿನಿ ಎಲ್ಲವನ್ನೂ ಕೇಳಿ, ನಮ್ಮ ಬಸ್ಸು ಇನ್ನೂ ಡೀಸೆಲ್ಲಿನದೇ ಅಲ್ಲವಾ ಎಂದಳು. ಹೌದು, ಹೊಗೆ ಬಿಡುತ್ತದೆ. ಹೊಸ ಬಸ್ಸು ಬಂದಾಗ ಕೂರಲು ಜನ ತಯಾರಿದ್ದಾರೆ ಎಂದೆ. ಅವಳು, ತನ್ನ ನಗರದ ಬಸ್ಸುಗಳ ವೇಳೆಯನ್ನು ಹತ್ತುವವರನ್ನೇ ಕೇಳಿ ಗೊತ್ತುಮಾಡಬೇಕು ಎಂದಳು. ಮರುದಿನವೇ ಒಂದು ಬಸ್ ಸ್ಟಾಪಿನಲ್ಲಿ ಪುಸ್ತಕ ಹಿಡಿದು ನಿಂತಳಂತೆ.

ಮೊನ್ನೆ ಬೆಳಿಗ್ಗೆ ದಟ್ಟ ಮಂಜು. ಗೆಟ್ಟವಾಡಿ ದಾಟಿದ ಮೇಲೆ ಡ್ರೈವರ್ ಬಸ್ಸು ನಿಲ್ಲಿಸಿ ಎಂಜಿನ್ನು ಆರಿಸಿದರು. ಮುಂದೆ ಏನೋ ದೊಡ್ಡದು ಅಲುಗುತ್ತಿದೆ ಎಂದರು. ಆನೆ ಎಂದು ಯಾರೋ ಪಿಸುಗುಟ್ಟಿದರು. ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿಯಿತು. ರಾಚಪ್ಪ ಪಂಪಿನ ಮಾತನ್ನು ಅರ್ಧಕ್ಕೇ ನುಂಗಿದ. ಸುತ್ತ ಬೆಳ್ಳಗೆ, ರಸ್ತೆಯೂ ಇಲ್ಲ, ಗಡಿಯೂ ಇಲ್ಲ. ಹಾಲಿನಲ್ಲಿ ತೇಲುವ ದೋಣಿಯಲ್ಲಿ ಕೂತ ಹಾಗೆ. ಎಷ್ಟೋ ಹೊತ್ತಿನ ಮೇಲೆ ಮಂಜಿನೊಳಗಿಂದ ಒಂದು ಎಮ್ಮೆ ಬಂತು. ಅದರ ಹಿಂದೆ ಇನ್ನೂ ಮೂರು. ನಮ್ಮನ್ನು ಲೆಕ್ಕಿಸದೆ ಆಚೆ ಹೋದವು.

ಗಂಟೆ ನೋಡಿಕೊಂಡು ನಾನು, ತಡವಾಯಿತಲ್ಲ ಎಂದೆ.

"ಎಲ್ರಿಗೂ ಒಂದೇ ತಡ ಕಣ ಮೇಷ್ಟ್ರೆ," ಎಂದಳು ಮಾದಮ್ಮ. "ಎಲ್ರೂ ಅಂಚ್ಕಂಡ್ರೆ ಒಬ್ಬೊಬ್ರಿಗೆ ಎಷ್ಟ್ ಬಂದಾತು?"