ಅಣ್ಣ ಆರಿಸಿದ ಆ್ಯಂಪ್ಲಿಫೈಯರ್

ನಮ್ಮ ಮನೆಯಲ್ಲಿ ಕಿವಿ ಎಂದರೆ ಅಣ್ಣನ ಕಿವಿ. ಉಳಿದವರಿಗೆ ಇದ್ದದ್ದು ಟೋಪಿ ಜಾರದಂತೆ ತಡೆಯಲು ಮಾತ್ರ ಎಂದು ಅಬ್ಬಾ ಹೇಳುತ್ತಿದ್ದರು. ಅದಕ್ಕೆ ನಾವು ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಅದು ನಿಜವಾಗಿತ್ತು. ಜತ್ತದ ಹತ್ತಿರದ ನಮ್ಮ ಹಳ್ಳಿ ವಳಸಂಗದಲ್ಲಿ ಅಬ್ಬಾ ಗಾದಿ ಹೊಲಿಯುತ್ತಿದ್ದರು. ಅವರು ಅಂಗಳದಲ್ಲಿ ಕೂತು ಬಿಲ್ಲಿನಿಂದ ಹತ್ತಿ ಹಿಂಜುವಾಗ, ಒಳಗೆ ರೊಟ್ಟಿ ತಿನ್ನುತ್ತಿದ್ದ ಅಣ್ಣ ಅಲ್ಲಿಂದಲೇ ಹತ್ತಿ ಇನ್ನೂ ಹಸಿ ಇದೆ ಎನ್ನುತ್ತಿದ್ದ. ಬಿಲ್ಲಿನ ತಂತಿಯ ದನಿ ಒಂದು ಎಳೆ ಇಳಿದದ್ದು ಅವನಿಗೆ ಮಾತ್ರ ತಿಳಿಯುತ್ತಿತ್ತು. ಅಬ್ಬಾ ಹತ್ತಿ ಮುಟ್ಟಿ ನೋಡಿ, ಎದ್ದು ಅದನ್ನು ಬಿಸಿಲಿಗೆ ಹರಡುತ್ತಿದ್ದರು. ಮನೆಯಲ್ಲಿ ನಾನು ಅವನನ್ನು ಭಾಯ್ ಎಂದು ಕರೆಯುತ್ತಿದ್ದೆ. ಬರೆಯುವಾಗ ಮಾತ್ರ ಅಣ್ಣ ಎಂದೇ ಬರುತ್ತದೆ.

ಅವನು ನನಗಿಂತ ಒಂಬತ್ತು ವರ್ಷ ದೊಡ್ಡವನು. ಜತ್ತದ ಒಂದು ಬೆಂಜೊ ಪಾರ್ಟಿಯಲ್ಲಿ ಬೆಂಜೊ ಬಾರಿಸುತ್ತಿದ್ದ. ನಮ್ಮ ಕಡೆ ಮದುವೆಯ ಮೆರವಣಿಗೆಗೆ ಬೆಂಜೊ ಪಾರ್ಟಿ ಬೇಕೇ ಬೇಕು: ಒಂದು ಟೆಂಪೊ, ಅದರ ನೆತ್ತಿಯ ಮೇಲೆ ಲೌಡ್‌ಸ್ಪೀಕರಿನ ತಗಡಿನ ಭೋಂಗಾಗಳು, ಕೆಳಗೆ ಗುಂಡಿ ಒತ್ತಿ ಬಾರಿಸುವ ತಂತಿಯ ಬೆಂಜೊ, ಪಕ್ಕದಲ್ಲಿ ತಾಸೆ ಬಡಿಯುವವರು. ಅಣ್ಣನ ಜಾಗ ಭೋಂಗಾಗಳಿಂದ ಎರಡು ಮೊಳ ದೂರ. ಹತ್ತಾರು ವರ್ಷ ಅವನು ಅಲ್ಲೇ ಕೂತ.

ಆ ಪಾರ್ಟಿಯವರು ಹೊಸ ಸೆಟ್ ಕೊಳ್ಳುವ ಮೊದಲು ಅದನ್ನು ಪರೀಕ್ಷಿಸುವ ಒಂದು ರೀತಿ ಇತ್ತು. ಒಬ್ಬ ಬಾರಿಸುತ್ತ ಇರಬೇಕು. ಇನ್ನೊಬ್ಬ ಹೆಗಲ ಟವೆಲನ್ನು ಮೇಲೆತ್ತಿ ಹಿಡಿದು ನಡೆಯುತ್ತ ದೂರ ಹೋಗಬೇಕು. ದನಿ ಕೇಳುವಷ್ಟು ಹೊತ್ತು ಟವೆಲ್ ಮೇಲೆ, ಕೇಳದಾದ ಕೂಡಲೇ ಕೆಳಗೆ. ಯಾವ ಸೆಟ್ಟಿಗೆ ಟವೆಲ್ ಹೆಚ್ಚು ದೂರ ಹೋಯಿತೋ ಅದೇ ಚಲೋ ಸೆಟ್. ನಡೆಯುವ ಕೆಲಸ ಯಾವಾಗಲೂ ಅಣ್ಣನದು. ಅವನ ಕಿವಿಯ ಮೇಲೆ ಪಾರ್ಟಿಯ ಮಾಲೀಕನಿಗೂ ಅಷ್ಟು ಭರವಸೆ.

ಇಂಥವನು ಜಾಜ್‌ನ ಹುಚ್ಚು ಹಿಡಿಸಿಕೊಂಡದ್ದು ಹೇಗೆ ಎಂದು ಜನ ಕೇಳುತ್ತಾರೆ. ಬೆಂಜೊದ ತಂತಿ ತರಲು ಮಿರಜಿಗೆ ಹೋದಾಗ ಒಂದು ಕಿಟಕಿಯಿಂದ ಗಿಟಾರಿನಲ್ಲಿ ಆ ವಿದೇಶಿ ಸಂಗೀತ ಕೇಳಿತಂತೆ. ಇವನು ಅರ್ಧ ತಾಸು ಆ ಕಿಟಕಿಯ ಕೆಳಗೆ ನಿಂತ. ಒಳಗಿದ್ದವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಗಾರ್ಡ್ ಸಾಹೇಬರು. ಪ್ರಾಯದಲ್ಲಿ ರೈಲ್ವೆ ಕ್ಲಬ್ಬಿನ ವಾದ್ಯಮೇಳದಲ್ಲಿ ಬಾರಿಸಿದವರು. ಮುಂದಿನ ಭಾನುವಾರ ಸಾಲಿ ಮುಗಿಸುತ್ತಿದ್ದ ನನ್ನನ್ನೂ ಅಣ್ಣ ಗಿಟಾರು ಕಲಿಯಲು ಎಳೆದುಕೊಂಡು ಹೋದ. ತೊಂಬತ್ತರ ದಶಕದ ಅರ್ಧ ಭಾನುವಾರಗಳು ನಮಗೆ ಜತ್ತ–ಮಿರಜ ಬಸ್ಸಿನಲ್ಲೇ ಕಳೆದವು. ನಾನು ರಾಗ ಎಳೆಯುತ್ತಿದ್ದೆ, ಅಣ್ಣ ಕೆಳಗೆ ಸ್ವರಗಳ ಗುಂಪು ಹಿಡಿದು ನಡೆಸುತ್ತಿದ್ದ. ಅವನು ಬಾರಿಸಿದ್ದು ಜನರ ಗಮನಕ್ಕೆ ಬರುತ್ತಿರಲಿಲ್ಲ, ಆದರೆ ಅವನು ನಿಲ್ಲಿಸಿದರೆ ನಾನು ಮುಗ್ಗರಿಸುತ್ತಿದ್ದೆ.

ಗಾರ್ಡ್ ಸಾಹೇಬರು ಗಿಟಾರಿನ ದನಿ ಹೆಚ್ಚಿಸುವ ಆ್ಯಂಪ್ಲಿಫೈಯರಿನ ಬಗ್ಗೆಯೂ ಪಾಠ ಮಾಡಿದ್ದರು. ಜಾಜ್‌ಗೆ ಬೇಕಾದದ್ದು ಟ್ರಾನ್ಸಿಸ್ಟರಿನ ಡಬ್ಬಿ, ಸ್ಪೀಕರೂ ಅದರೊಳಗೇ ಇರಬೇಕು. ವಾಲ್ವಿನ ಡಬ್ಬಿ ಬಿಸಿಯಾಗುವವರೆಗೆ ಕಾಯಬೇಕು, ಜೋರು ಮಾಡಿದರೆ ದನಿ ಒಡೆಯುತ್ತದೆ, ವಾಲ್ವು ಕೆಟ್ಟರೆ ಇಲ್ಲಿ ಸಿಗುವುದಿಲ್ಲ. ಹಳೆಯದನ್ನು ಕೊಳ್ಳುವಾಗ ಮೊದಲು ಏನನ್ನೂ ಬಾರಿಸಬೇಡಿ ಎನ್ನುತ್ತಿದ್ದರು. ಚಾಲೂ ಮಾಡಿ, ಗುಂಡಿ ಅರ್ಧ ತಿರುಗಿಸಿ, ಖಾಲಿ ಡಬ್ಬಿಯ ಮುಂದೆ ಸುಮ್ಮನೆ ಕೂತು ಕಿವಿಗೊಡಬೇಕು. ಒಳಗಿನ ಗುಂಯ್, ಸುಸ್, ಕರಕರ ಎಲ್ಲ ಆಗ ಹೊರಗೆ ಬರುತ್ತವೆ. ಆಮೇಲೆ ಎಲ್ಲಕ್ಕಿಂತ ತೆಳ್ಳನೆಯ ತಂತಿಯನ್ನು ಒಮ್ಮೆ ಮೆಲ್ಲಗೆ ಮೀಟಿ, ಅದರ ದನಿ ಪೂರ್ತಿ ಆರುವವರೆಗೆ ಕಾಯಬೇಕು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಗಾರ್ಡ್ ಸಾಹೇಬರು ಮಗಳ ಮನೆಗೆಂದು ಪುಣೆಗೆ ಹೋಗಿಬಿಟ್ಟಿದ್ದರು. ನಾನು ಜತ್ತದ ಒಂದು ಕಾಲೇಜಿನಲ್ಲಿ ಕಾರಕೂನನಾಗಿದ್ದೆ. ಸಾಂಗಲಿಯ ಒಂದು ಹೋಟೆಲಿನವರು ಶನಿವಾರ, ಭಾನುವಾರ ಸಂಜೆ ಊಟದ ಹಾಲ್‌ನಲ್ಲಿ ಮೆತ್ತನೆಯ ಗಿಟಾರು ಬಾರಿಸುವವರು ಬೇಕೆಂದರು. ಇಬ್ಬರು ಬರುತ್ತೇವೆ ಎಂದೆ. ಒಪ್ಪಿದರು, ಒಮ್ಮೆ ಬಾರಿಸಿ ತೋರಿಸಿ ಎಂದರು. ಅಣ್ಣನಿಗೆ ಸುದ್ದಿ ಹೇಳಿದಾಗ ಅವನು ಕೂತಲ್ಲಿಂದ ಎದ್ದು, ಮತ್ತೆ ಕೂತು, ಹಂಗಾದರೆ ಇನ್ನು ಟೆಂಪೊ ಬಿಡಬಹುದು ಎಂದ. ನಾನು ಅದನ್ನು ಬರೀ ಖುಷಿಯ ಮಾತೆಂದು ತಿಳಿದೆ.

ಮುರಿದುಹೋದ ಒಂದು ಆರ್ಕೆಸ್ಟ್ರಾದ ಸಾಮಾನು ಮಿರಜಿನ ಒಬ್ಬ ರಿಪೇರಿಯವನ ಹತ್ತಿರ ಬಂದಿತ್ತು. ಅದರಲ್ಲಿ ನಮಗೆ ಹೊಂದುವ ಡಬ್ಬಿಗಳು ಎರಡು. ದೊಡ್ಡದರ ಸ್ಪೀಕರ್ ತಟ್ಟೆಯಷ್ಟಗಲ, ಎರಡು ಗಿಟಾರಿನ ವೈರು ಚುಚ್ಚಲು ಎರಡು ತೂತು. ಸಣ್ಣದರ ಮುಂದಿನ ಬಟ್ಟೆ ಮಾಸಿತ್ತು, ಒಂದು ಮೂಲೆ ಜಜ್ಜಿಹೋಗಿತ್ತು, ತೂತು ಒಂದೇ. ಅಣ್ಣ ಒಳಗೆ ಕಾಲಿಟ್ಟವನೇ ತನ್ನ ಟವೆಲನ್ನು ನನ್ನ ಕೈಗೆ ಕೊಟ್ಟ. ಇದು ಮೆರವಣಿಗೆಯಲ್ಲ, ಊಟದ ಹಾಲ್ ಎಂದು ನಾನು ಹೇಳಿದೆ. ನಡಿ ಎಂದ. ಮಿರಜಿನ ಆ ಓಣಿಯಲ್ಲಿ, ಸಿತಾರಿನ ಬುರುಡೆ ಕೆತ್ತುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿರುವಾಗ, ನಾನು ಟವೆಲ್ ಎತ್ತಿಕೊಂಡು ಎರಡೆರಡು ಸಲ ನಡೆದೆ. ಪ್ರತಿ ಸಲವೂ ನಡೆಯುವವನು ಅವನೇ, ಈ ಸಲ ನನ್ನನ್ನೇಕೆ ಕಳಿಸಿದ ಎಂಬ ಪ್ರಶ್ನೆ ನಗೆಪಾಟಲಾಗುತ್ತಿದ್ದ ನನಗೆ ಹೊಳೆಯಲೇ ಇಲ್ಲ. ದೊಡ್ಡದು ಓಣಿಯ ಮೂಲೆ ದಾಟಿತು. ಸಣ್ಣದು ಅಲ್ಲಿಯವರೆಗೂ ಬರಲಿಲ್ಲ.

ಆಮೇಲೆ ಗಾರ್ಡ್ ಸಾಹೇಬರ ಪರೀಕ್ಷೆ. ಸಣ್ಣದನ್ನು ಚಾಲೂ ಮಾಡಿ ಕೂತೆವು. ಡಬ್ಬಿ ಬದುಕಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಸುಮ್ಮನಿತ್ತು. ದೊಡ್ಡದನ್ನು ಚಾಲೂ ಮಾಡಿದಾಗ ನನಗೆ ಸುಸ್ ಎಂಬ ಸಣ್ಣ ಸಪ್ಪಳ ಕೇಳಿತು. ಭಾಯ್, ಇದು ಸುಸ್ ಅನ್ನುತ್ತಿದೆಯಲ್ಲ ಎಂದೆ. ಅಣ್ಣ ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಒಂದು ನಿಮಿಷ ಕೂತ. ಕಣ್ಣು ತೆರೆದು ಬಾಗಿಲ ಕಡೆ ನೋಡಿದ.

"ಡಬ್ಬಿ ಸುಮ್ನ ಐತಿ. ಅದು ಚಾದಂಗಡಿ ಸ್ಟವ್ವಿನ ಸಪ್ಪಳ."

ಎದುರಿನ ಚಹಾದಂಗಡಿಯಲ್ಲಿ ನಿಜವಾಗಿಯೂ ಆಗಷ್ಟೇ ಸ್ಟವ್ ಹಚ್ಚಿದ್ದರು. ಹಾಗಾದರೆ ನನ್ನ ಕಿವಿಯದೇ ತಪ್ಪು ಎಂದುಕೊಂಡೆ. ಹತ್ತಿ ಹಸಿ ಇದ್ದದ್ದು ಗೋಡೆಯಾಚೆಗೂ ತಿಳಿಯುವವನ ಎದುರು ನಾನೇನು ವಾದ ಮಾಡುವುದು? ದೊಡ್ಡದನ್ನೇ ಕೊಂಡು, ಬಸ್ಸಿನ ಟಾಪಿನ ಮೇಲೆ ಹಗ್ಗ ಬಿಗಿದು ತಂದೆವು.

ವಳಸಂಗದ ನಮ್ಮ ಮನೆಯ ಹತ್ತಿರ ಚಹಾದಂಗಡಿ ಇರಲಿಲ್ಲ, ಸ್ಟವ್ವೂ ಇರಲಿಲ್ಲ. ಡಬ್ಬಿ ಸುಸ್ ಎನ್ನುತ್ತಲೇ ಇತ್ತು. ಎರಡನೇ ದಿನ ಅಮ್ಮಾ ಒಳಗಿನಿಂದ, ಹಾಲು ಉಕ್ಕುತ್ತಿದೆಯೇನೋ ನೋಡಿ ಎಂದು ಕೂಗಿದರು. ನಾನು ಅವರ ಮೇಲೆ ರೇಗಿದೆ. ಒಬ್ಬರಲ್ಲ ಇಬ್ಬರಿಗೆ ಕೇಳಿದ್ದನ್ನೂ ಸುಳ್ಳು ಎಂದುಕೊಳ್ಳಬಲ್ಲ ಮೂರ್ಖ ನಾನು. ಅಣ್ಣ ಮಾತ್ರ ದಿನಾಲೂ ಸಂಜೆ ಕೂತು, ಎರಡನೇ ತೂತಿಗೆ ತನ್ನ ವೈರು ಚುಚ್ಚಿ, ಹಿಂದೆಂದೂ ಕಾಣದ ಸಮಾಧಾನದಲ್ಲಿ ಬಾರಿಸುತ್ತಿದ್ದ. ಹೋಟೆಲಿಗೆ ಹೋಗುವ ಮುಂಚಿನ ಆ ಹದಿನೈದು ದಿನ ಅವನಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ.

ಹೋಟೆಲಿನಲ್ಲಿ ನಮ್ಮನ್ನು ಮಧ್ಯಾಹ್ನ ಕರೆದಿದ್ದರು. ಊಟದ ಹಾಲ್‌ನಲ್ಲಿ ಯಾರೂ ಇರಲಿಲ್ಲ. ನೆಲಕ್ಕೆ ಜಮಖಾನೆ, ಕಿಟಕಿಗಳಿಗೆ ದಪ್ಪ ಪರದೆ. ಡಬ್ಬಿ ಚಾಲೂ ಮಾಡಿದ ಕೂಡಲೇ ಆ ಸುಸ್ ಇಡೀ ಹಾಲ್‌ನಲ್ಲಿ ಹರಡಿತು. ಒಂದು ಹಾಡು ಮುಗಿಯುವುದರೊಳಗೆ ಮ್ಯಾನೇಜರು ಬಂದು, ಮರಾಠಿಯಲ್ಲಿ ಬಹಳ ಮರ್ಯಾದೆಯಿಂದಲೇ, ಬಾರಿಸುವುದು ಸುಂದರವಾಗಿದೆ, ಆದರೆ ಈ ಸಪ್ಪಳ ಎಲ್ಲಿಯದು ಎಂದು ಕೇಳಿದರು. ಅಣ್ಣ ನಗುತ್ತ ಅದು ನಿಮ್ಮ ಏಸಿಯದು ಎಂದ. ಏಸಿ ಬಂದ್ ಇದೆ ಎಂದರು ಅವರು. ಇಲ್ಲ, ಡಬ್ಬಿಯಲ್ಲಿ ಏನೂ ಸಪ್ಪಳವಿಲ್ಲ ಎಂದು ಅಣ್ಣ ಮತ್ತೆ ಹೇಳಿದ. ವೇಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು. ನನ್ನ ಸಿಟ್ಟು ಮೊದಲಿನಿಂದಲೂ ಕೆಟ್ಟದ್ದು, ಯಾರ ಮುಂದೆ ಏನು ಎಂದು ನೋಡುವುದಿಲ್ಲ.

"ಇಷ್ಟ ದೊಡ್ಡ ಸಪ್ಪಳ ಕೇಳಸವಲ್ದೇನು? ಕಿವಿ ಹೋಗ್ಯಾವೇನು ನಿನ್ನ?"

ಅಣ್ಣ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ.

"ಹೂಂ," ಎಂದ. "ಹೋಗ್ಯಾವು."

ಅವನು ತನ್ನ ವೈರನ್ನು ಕಿತ್ತು, ಮೊಳಕೈಗೆ ಸುತ್ತಿ, ಚೀಲದಲ್ಲಿಟ್ಟುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಡಬ್ಬಿ ಬದಲಿಸುವುದಾದರೆ ನೀವೊಬ್ಬರೇ ಬಂದರೂ ಸಾಕು ಎಂದರು. ನಾನು ಇಲ್ಲ ಎನ್ನಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದೆ.

ಜತ್ತದ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತಿದ್ದ. ಅವನೇ ಹೇಳಿದ: ಎರಡು ವರ್ಷದ ಹಿಂದೆ ಮಿರಜಿನಲ್ಲಿ ಡಾಕ್ಟರರಿಗೆ ತೋರಿಸಿದ್ದನಂತೆ. ತೆಳ್ಳನೆಯ ದನಿಗಳು ಮೊದಲು ಹೋಗುತ್ತವೆ, ಹೋದದ್ದು ತಿರುಗಿ ಬರುವುದಿಲ್ಲ, ಭೋಂಗಾಗಳ ಮುಂದೆ ಕೂರುವುದನ್ನು ಬಿಟ್ಟರೆ ಉಳಿದದ್ದು ಉಳಿದೀತು ಎಂದಿದ್ದರಂತೆ ಅವರು. ಅವನ ಮಕ್ಕಳು ಸಾಲಿಗೆ ಹೋಗುತ್ತಿದ್ದವು, ಬೇರೆ ಕೆಲಸ ಬರುತ್ತಿರಲಿಲ್ಲ, ಹೇಗೆ ಬಿಡುವುದು? ಅಷ್ಟರಲ್ಲಿ ನಾನು ಹೋಟೆಲಿನ ಸುದ್ದಿ ತಂದಿದ್ದೆ. ನಾನು ಅವನನ್ನು ಜೊತೆಗೆ ಕರೆದುಕೊಂಡು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಉಬ್ಬಿದ್ದೆನಲ್ಲ, ಅವನು ತನ್ನ ಕಿವಿ ಉಳಿಸಿಕೊಳ್ಳಲು ಬಂದಿದ್ದ. ನನ್ನ ಮುಂದಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಡಬ್ಬಿ ಆರಸಾಕ ನೀ ನನ್ನ ಕರಕೊಂಡು ಹೋಗತಿದ್ದಿಲ್ಲಲ್ಲ," ಎಂದ.

 

ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಬಿಟ್ಟರೆ ಇಲ್ಲಿಯವರೆಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನೀನಿಲ್ಲದೆ ನಾನು ಹೋಗುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಹುಚ್ಚನಂತೆ ಮಾಡಬೇಡ, ಹೋಗು ಎಂದ. ಎರಡನೇ ಸಲ ಹೇಳಿದ್ದರೆ ಏನಾಗುತ್ತಿತ್ತೋ, ನಾನು ಒಂದೇ ಸಲ ಹೇಳಿದೆ. ಆ ವಾರವೇ ಒಬ್ಬನೇ ಮಿರಜಿಗೆ ಹೋಗಿ ದೊಡ್ಡ ಡಬ್ಬಿ ಕೊಟ್ಟು ಸಣ್ಣದನ್ನು ತಂದೆ. ಖಾಲಿ ಡಬ್ಬಿಯ ಮುಂದೆ ಕೂತು ನನ್ನದೇ ಕಿವಿಯಿಂದ ಕೇಳಿದೆ. ಅದು ಮೊದಲ ದಿನ ಹೇಗಿತ್ತೋ ಹಾಗೇ ಸುಮ್ಮನಿತ್ತು. ತೆಳ್ಳನೆಯ ತಂತಿಯನ್ನು ಮೀಟಿದಾಗ ದನಿ ಆರುವವರೆಗೂ ಸ್ಪಷ್ಟವಾಗಿತ್ತು. ಎರಡನೇ ಗಿಟಾರಿಗೆ ತೂತು ಇರಲಿಲ್ಲ. ಅದನ್ನು ನೋಡಿಯೂ ನೋಡದವನಂತೆ ಎತ್ತಿಕೊಂಡು ಬಂದೆ.

ಐದು ವರ್ಷ ನಾನು ಆ ಹೋಟೆಲಿನಲ್ಲಿ ಬಾರಿಸಿದೆ. ಜನ ಮೆಚ್ಚಿದರು. ಅಣ್ಣ ಟೆಂಪೊಗೆ ವಾಪಸ್ ಹೋದ, ಅದೇ ಜಾಗಕ್ಕೆ. ಇನ್ನು ಉಳಿಸಿಕೊಳ್ಳುವುದಕ್ಕೆ ಏನಿದೆ ಎಂದು ಅತ್ತಿಗೆಗೆ ಹೇಳಿದನಂತೆ. ಒಮ್ಮೆ ಜತ್ತದ ಪೇಟೆಯಲ್ಲಿ ಮೆರವಣಿಗೆ ನನ್ನ ಎದುರಿಗೇ ಬಂತು. ನಾನು ಕಿವಿ ಮುಚ್ಚಿಕೊಂಡು ನಿಂತೆ. ಅವನು ಭೋಂಗಾಗಳ ಕೆಳಗೆ ಕೂತು, ಎಲ್ಲಿಯೋ ನೋಡುತ್ತ, ಒಂದು ಸ್ವರವೂ ತಪ್ಪದೆ ಬಾರಿಸುತ್ತಿದ್ದ. ಬೆರಳಿಗೆ ಬಂದದ್ದು ಕಿವಿ ಹೋದ ಮೇಲೂ ಇರುತ್ತದೆ ಎಂದು ಆಗ ತಿಳಿಯಿತು. ನಾನು ಅಂಗಡಿಯೊಂದರ ಒಳಗೆ ಸರಿದು ನಿಂತೆ. ಅವನು ನನ್ನನ್ನು ನೋಡಿದನೋ ಇಲ್ಲವೋ ತಿಳಿಯದು.

ಆಮೇಲೆ ಬೆಂಜೊವೂ ಹೋಯಿತು. ಎಡಗಿವಿಯ ಹತ್ತಿರ ಕೂಗಿದರೆ ಮಾತ್ರ ಅವನಿಗೆ ಮಾತು ತಿಳಿಯುವ ಹಾಗಾಯಿತು. ಆ ಹೊತ್ತಿಗೆ ನಾನು ಹೆಂಡತಿ ಮಕ್ಕಳೊಂದಿಗೆ ಜತ್ತದಲ್ಲೇ ಮನೆ ಮಾಡಿದ್ದೆ. ಒಂದು ಸಲ ವಳಸಂಗಕ್ಕೆ ಹೋದಾಗ ಅಣ್ಣ, ನಿನ್ನ ಡಬ್ಬಿ ತಂದು ಒಮ್ಮೆ ಬಾರಿಸಿ ತೋರಿಸು, ನಾನು ಇನ್ನೂ ಕೇಳಿಲ್ಲ ಎಂದ. ಇಷ್ಟು ವರ್ಷದಲ್ಲಿ ನಾನಾಗಿ ಅದನ್ನು ಅವನ ಮುಂದೆ ಇಟ್ಟಿರಲಿಲ್ಲ.

ಮುಂದಿನ ಭಾನುವಾರ ಒಯ್ದೆ. ಚಳಿಗಾಲದ ಬೆಳಿಗ್ಗೆ, ಪಡಸಾಲೆಯಲ್ಲಿ ನಾವಿಬ್ಬರೇ. ಅವನಿಗೆ ಸ್ವಲ್ಪವಾದರೂ ಕೇಳಲೆಂದು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಗಾರ್ಡ್ ಸಾಹೇಬರು ನಮಗಿಬ್ಬರಿಗೂ ಕಲಿಸಿದ್ದ ಒಂದು ನಿಧಾನದ ರಾಗ ಶುರು ಮಾಡಿದೆ. ಅಣ್ಣ ನನ್ನೆದುರು ಕೂತು, ನನ್ನ ಬೆರಳುಗಳನ್ನೇ ನೋಡುತ್ತ, ಮೊಣಕಾಲಿನ ಮೇಲೆ ತಾಳ ಹಾಕತೊಡಗಿದ. ಅವನ ಎಡಗೈ ಬೆರಳುಗಳು ತನ್ನ ಪಾಲಿನ ಸ್ವರಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು.

ನಡುವೆ ಕರೆಂಟು ಹೋಯಿತು. ಡಬ್ಬಿಯ ಕೆಂಪು ದೀಪ ಆರಿತು, ದನಿಯೂ ನಿಂತಿತು. ಹೊರಗೆ ಕೋಳಿಗಳು ಕಸ ಕೆದರುವ ಸಪ್ಪಳ ನನಗೆ ಕೇಳಿತು, ನನ್ನ ಉಗುರು ತಂತಿಗೆ ತಾಗುವ ಟಿಕ್ ಟಿಕ್ ಕೇಳಿತು. ಅಣ್ಣನ ಕೈ ತಾಳ ಹಾಕುತ್ತಲೇ ಇತ್ತು. ಅವನು ನಗುತ್ತಿದ್ದ. ನಾನು ಕೈ ನಿಲ್ಲಿಸಲಿಲ್ಲ. ಎಲ್ಲಿಯೂ ಅವಸರ ಮಾಡದೆ, ಒಂದು ಸ್ವರವನ್ನೂ ಬಿಡದೆ, ಆ ರಾಗವನ್ನು ಕೊನೆಯವರೆಗೆ ಬಾರಿಸಿದೆ. ನಾನು ಕೈ ಎತ್ತಿದ ಮೇಲೆ ಅವನೂ ತಾಳ ನಿಲ್ಲಿಸಿದ.

"ಚಲೋ ಆರಿಸೀದಿ," ಎಂದ. "ಭಾಳ ಸ್ವಚ್ಛ ಕೇಳಸ್ತೈತಿ."