ನಮ್ಮ ವಕೀಲರು ಗೆದ್ದರು

ಅಪ್ಪನ ಮೇಲೆ ಕೊಲೆ ಕೇಸು ಬಿದ್ದಾಗ ನಮಗಿದ್ದ ದಿಕ್ಕು ಒಬ್ಬರೇ, ಬಂಗಾರಪೇಟೆಯ ಆ ವಕೀಲರು. ಕಾಮಸಮುದ್ರದ ಕಡೆಯ ನಮ್ಮ ಹೊಲದ ಬದುವಿನಲ್ಲಿ ಜಗಳವಾಗಿ ಪಕ್ಕದ ಹೊಲದವನು ಬಿದ್ದು ಸತ್ತಿದ್ದ. ಅಪ್ಪ ತಳ್ಳಿದ್ದು ನಿಜ. ಗುದ್ದಲಿಯಲ್ಲಿ ಹೊಡೆದನೆಂಬುದು ಶುದ್ಧ ಸುಳ್ಳು. ನಾನು ಅಲ್ಲೇ ಇದ್ದೆ. ಆದರೆ ಮಗಳ ಮಾತನ್ನು ಯಾರು ನಂಬುತ್ತಾರೆ?

ಆ ಸುಳ್ಳು ಹೇಳಿದ ಸಾಕ್ಷಿ ಗಡಿಯಾಚೆಯವನು, ತೆಲುಗು ಬಿಟ್ಟರೆ ಬೇರೆ ಬಾರದು. ನಮ್ಮ ವಕೀಲರ ಜಾಣತನ ಇದ್ದದ್ದೇ ಅಲ್ಲಿ. ಕೆಜಿಎಫ್ ಕೋರ್ಟಿನಲ್ಲಿ ಊರಿಗಾಂ ಗಣಿ ಲೈನಿನವರಿಗೆ ತಮಿಳು, ನಮಗೆ ಕನ್ನಡ, ಗಡಿಯವರಿಗೆ ತೆಲುಗು, ಹೀಗೆ ಅವರವರ ಮಾತಿನಲ್ಲೇ ಪ್ರಶ್ನೆ ಕೇಳುತ್ತಿದ್ದರು. ಬೀಗರನ್ನು ಮಾತಾಡಿಸುವ ಹಾಗೆ ಬೆಳೆ, ಎಮ್ಮೆ ಎಂದು ಶುರುಮಾಡಿ, ಸಾಕ್ಷಿಯ ಬಾಯಿಂದಲೇ ನಿಜ ಕಕ್ಕಿಸುತ್ತಿದ್ದರು. ಈ ಸಾಕ್ಷಿಯ ಪಾಟೀಸವಾಲಿಗೂ ದಿನ ಗೊತ್ತಾಗಿತ್ತು.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು, ವಕೀಲರಿಗೆ ಟಿಕೆಟ್ ಸಿಕ್ಕಿತು, ಕೇಸು ಮುಂದಕ್ಕೆ ಹೋಯಿತು. ಜಾಮೀನಿನ ಮೇಲಿದ್ದ ಅಪ್ಪ ಊರೂರು ಅಲೆದು ಅವರಿಗಾಗಿ ಓಟು ಕೇಳಿದ.

"ನಮ್ ವಕೀಲ್ರು ಡೆಲ್ಲೀಗೋದ್ರೆ ನಮ್ಮನ್ ಮುಟ್ಟೋನ್ ಯಾವನ್ಲಾ?" ಎನ್ನುತ್ತಿದ್ದ. ನಾವೂ ನಂಬಿದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಅವರು ಗೆದ್ದರು. ಅಮ್ಮ ಆರತಿ ಎತ್ತಿದಳು. ಆಮೇಲೆ ಕೋರ್ಟಿಗೆ ಬರಲು ಅವರಿಗೆ ಪುರುಸೊತ್ತೆಲ್ಲಿ? ಕೇಸು ಜೂನಿಯರ್ ವಕೀಲರ ಕೈಗೆ ಹೋಯಿತು. ಒಳ್ಳೆಯ ಮನುಷ್ಯ, ಆದರೆ ತೆಲುಗು ಬಾರದು. ಅವರು ಕೇಳಿದ್ದನ್ನು ಕೋರ್ಟಿನವರು ತೆಲುಗಿಗೆ ತಿರುಗಿಸಿ, ಅವನ ಉತ್ತರವನ್ನು ಕನ್ನಡಕ್ಕೆ ತರುವಷ್ಟರಲ್ಲಿ ಸಾಕ್ಷಿ ಮುಂದಿನ ಸುಳ್ಳನ್ನು ನೀಟಾಗಿ ಹೊಂದಿಸಿಕೊಳ್ಳುತ್ತಿದ್ದ. ಅಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು.

ಸಂಸದರ ಮನೆಗೆ ಹೋದೆವು. ಕೂರಿಸಿ ಕಾಫಿ ಕೊಡಿಸಿದರು. "ಅಪೀಲ್ ಹಾಕ್ಸೋಣಮ್ಮ, ನಾನ್ ಹೇಳ್ತೀನಿ" ಎಂದರು. ಗದರಿ ಕಳಿಸಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಆ ಅಪೀಲು ಇನ್ನೂ ಹೈಕೋರ್ಟಿನಲ್ಲಿ ಕೊಳೆಯುತ್ತಿದೆ.

ಮುಂದಿನ ಚುನಾವಣೆಯ ದಿನ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಈ ಸಲ ಅವ್ರಿಗಾಕ್ಬ್ಯಾಡ ಕಣೇ. ಸೋತ್ರೆ ತಿರ್ಗಾ ಕರೀಕೋಟು ಆಕ್ಕೊಂಡು ಬತ್ತಾರೆ."

ಇಬ್ಬರೂ ಅವರ ಎದುರಾಳಿಗೆ ಓಟು ಹಾಕಿದೆವು. ಅವರು ಮೊದಲಿಗಿಂತ ಹೆಚ್ಚು ಓಟಿನಲ್ಲಿ ಗೆದ್ದರು.

ಆಮೇಲೆ ಬೆಂಗಳೂರಿನ ಜೈಲಿಗೆ ಅಪ್ಪನನ್ನು ನೋಡಲು ಹೋದೆವು. ಎಷ್ಟೋ ಕಾಲದ ಮೇಲೆ ಅವನ ಮುಖ ಅರಳಿತ್ತು.

"ಟೀವೀಲಿ ನೋಡ್ದೆ. ಗೆದ್ಬುಟ್ರಲ್ಲೇ ನಮ್ ವಕೀಲ್ರು! ನೀವಿಬ್ರೂ ಅವ್ರಿಗೇ ಆಕುದ್ರಿ ತಾನೆ?"

"ಊಂ, ಆಕುದ್ವಿ" ಎಂದಳು ಅಮ್ಮ. ರೈಲು ಬಂಗಾರಪೇಟೆ ಮುಟ್ಟುವವರೆಗೂ ಅವಳು ಬಾಯಿಗೆ ಒತ್ತಿಕೊಂಡ ಸೆರಗು ತೆಗೆಯಲಿಲ್ಲ.