ಎತ್ತಿ ಊದಿದ ಸೀಟಿ

ಹೋದ ಶನಿವಾರ ನಾನು ನನ್ನ ಸಾಹೇಬರನ್ನು ಆಟದ ಬಯಲಿನಿಂದ ಹೊರಗೆ ಹಾಕಿದೆ.

ನಗಬೇಡಿ, ನಿಜ. ಮರಾಠಿ ಸೀಮೆಯ ಈ ಊರಿನ ಬ್ರಿಟಿಷ್ ಲಷ್ಕರದ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತ ಕೂತಿರುವ, ಸಾಹೇಬರು ಸೀನಿದರೂ ಎದ್ದು ನಿಲ್ಲುವ ನಾನೇ. (ಈ ಅಂಕಣದ ಕೆಳಗೆ ನಿಮ್ಮ ನಿಜವಾದ ಹೆಸರು ಯಾಕಿಲ್ಲ ಎಂದು ಕಾರ್ಡು ಬರೆಯುವ ಓದುಗರಿಗೆ ಇಷ್ಟು ಉತ್ತರ ಸಾಕು.)

ಆಟದ ಹೆಸರು ರಗ್ಬಿ. ಎರಡೂ ತುದಿ ಚೂಪಾದ ಒಂದು ಚೆಂಡಿಗಾಗಿ ಮೂವತ್ತು ಜನ ಗೋರಾ ಸಿಪಾಯಿಗಳು ಮಳೆಗಾಲದ ಕೆಸರಿನಲ್ಲಿ ಹೊಡೆದಾಡುತ್ತಾರೆ. ಮುಗಿದ ಮೇಲೆ ಕೈ ಕುಲುಕುತ್ತಾರೆ. ಹತ್ತು ಸಂಸಾರಗಳಿರುವ ನಮ್ಮ ವಾಡೆಯ ಒಂದೇ ನಳದ ಹತ್ತಿರವೂ ದಿನಾ ಬೆಳಿಗ್ಗೆ ಇದೇ ಆಟ ನಡೆಯುತ್ತದೆ, ಕೈ ಕುಲುಕುವುದೊಂದಿಲ್ಲ.

ಇಂಥ ಆಟಕ್ಕೆ ನಾನು ರೆಫರಿ ಆದದ್ದು ಹೇಗೆ? ಒಂದು ಕಡೆ ಸ್ಕಾಟ್ಲೆಂಡಿನ ಪಲ್ಟನ್, ಇನ್ನೊಂದು ಕಡೆ ವೇಲ್ಸಿನ ಪಲ್ಟನ್. ಅವರ ಅಫಸರ ರೆಫರಿಯಾದರೆ ಇವರು ಆಡುವುದಿಲ್ಲ, ಇವರ ಅಫಸರನಾದರೆ ಅವರು ಆಡುವುದಿಲ್ಲ. ಒಬ್ಬ ಇಂಗ್ಲಿಷ್ ಅಫಸರನನ್ನು ನಿಲ್ಲಿಸೋಣವೆಂದರೆ ಎರಡೂ ಪಲ್ಟನ್ನುಗಳು ಒಂದೇ ಬಾಯಲ್ಲಿ ಬೇಡವೆಂದವಂತೆ. ಆಮೇಲೆ ಯಾರಿಗೋ ನನ್ನ ನೆನಪಾಗಿದೆ. ಆಟದ ನಿಯಮಗಳ ಹಾಳೆಯನ್ನು ಕಾರ್ಬನ್ ಇಟ್ಟು ನಾಲ್ಕು ಸಲ ಟೈಪ್ ಮಾಡಿದವನು ನಾನು. ಸಂಜೆ ಮನೆಗೆ ಹೋಗುವಾಗ ಬೇಲಿಗೆ ಸೈಕಲ್ ಒರಗಿಸಿ ಆಟ ನೋಡುವ ಚಟವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಯಾರಿಗೂ ಸೇರಿದವನಲ್ಲ.

ಸ್ಕಾಟ್ಲೆಂಡಿನವರ ಕಪ್ತಾನ ಯಾರು ಗೊತ್ತೆ? ನಮ್ಮ ಆಫೀಸಿನ ಸಾಹೇಬರೇ. ನನ್ನ ಬಡ್ತಿ ನಿಂತಿರುವ ಗುಪ್ತ ರಿಪೋರ್ಟನ್ನು ವರ್ಷಕ್ಕೊಮ್ಮೆ ಬರೆಯುವವರು.

ಶನಿವಾರ ಬೆಳಿಗ್ಗೆ ಒಬ್ಬ ಸಾರ್ಜೆಂಟ್ ಆಫೀಸಿಗೆ ಬಂದು, ತನ್ನ ಬಾಯಲ್ಲಿದ್ದ ಹಿತ್ತಾಳೆಯ ಸೀಟಿ ತೆಗೆದು, ಪ್ಯಾಂಟಿಗೆ ಒರೆಸಿ, ನನ್ನ ಕೈಗಿಟ್ಟ. ನಾನು ಕರವಸ್ತ್ರದಲ್ಲಿ ಹಿಡಿದುಕೊಂಡೆ. ಅವನ ಬಾಯಿ ಏನೇನು ತಿಂದಿತ್ತೋ, ಏನೇನು ಕುಡಿದಿತ್ತೋ!

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ನನ್ನ ಹೆಂಡತಿ ಇಂದಿರಾ ಅದನ್ನು ಹೊಸ್ತಿಲ ಆಚೆಯೇ ಇಡಿಸಿದಳು. ನಾನೇ ಬಚ್ಚಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದೆ. ಅವಳು ದೂರದಿಂದಲೇ ಬಗ್ಗಿ ನೋಡಿ ಕೇಳಿದಳು.

"ಹಿತ್ತಾಳಿ ಏನೋ ಶುದ್ಧ ಆತು. ಒಳಗ ಉರುಳೋ ಬೂಚಿನ ಕಾಳು ಎಂಜಲ ಹೀರೇದ, ಅದನ್ನ ಹೆಂಗ ತೊಳೀತೀರಿ?"

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನಾನೇ ಒಂದು ಉಪಾಯ ಹುಡುಕಿದೆ. ನಾವು ನೀರನ್ನು ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವುದಿಲ್ಲವೇ? ಹಾಗೆಯೇ ಸೀಟಿಯನ್ನು ತುಟಿಯಿಂದ ಒಂದು ಬೆರಳು ದೂರ ಹಿಡಿದು ಎತ್ತಿ ಊದುವುದು. ಧರ್ಮವೂ ಉಳಿಯಿತು, ರಗ್ಬಿಯೂ ನಡೆಯಿತು.

ಓದುಗರು ಮನೆಯಲ್ಲಿ ಪ್ರಯತ್ನಿಸಿ ನೋಡಬಹುದು. ಬಿಸಿ ಚಹಾ ಆರಿಸಿದ ಹಾಗೆ 'ಫುಸ್' ಅನ್ನುತ್ತದೆ, ಅಷ್ಟೆ.

ಆಟ ಶುರುವಾದದ್ದು ನಾನು ಊದಿದ ಫುಸ್‌ನಿಂದಲ್ಲ, ಕೈ ಬೀಸಿದ್ದರಿಂದ. ಆಮೇಲೆ ಯಾರಾದರೂ ತಪ್ಪು ಮಾಡಿದರೆ "ಪ್ಲೀಸ್ ಸ್ಟಾಪ್" ಎಂದು ಕೂಗುತ್ತ ಹಿಂದೆ ಓಡುತ್ತಿದ್ದೆ. ಧೋತರ, ಕೋಟು, ಟೋಪಿ ಹಾಕಿದವನೊಬ್ಬ ಕೆಸರಿನಲ್ಲಿ ಹಾಗೆ ಓಡುವುದನ್ನು ನೋಡಿ ಬೇಲಿಯಾಚೆಯ ಟಾಂಗಾವಾಲಾಗಳು ಮರಾಠಿಯಲ್ಲಿ ಏನಂದರೆಂದು ಇಲ್ಲಿ ಬರೆಯಲಾರೆ.

ಈ ಆಟದಲ್ಲಿ ಸ್ಕ್ರಮ್ ಅಂತ ಒಂದಿದೆ. ಎಂಟು ಎಂಟು ಜನ ತೋಳಿಗೆ ತೋಳು ಬಿಗಿದು, ತಲೆ ಬಗ್ಗಿಸಿ, ಎದುರು ಬದುರು ನೂಕುತ್ತಾರೆ. ಮುಂದಿನ ಸಾಲಿನ ನಡುವಿನವನ ಎರಡು ಕೈಗಳೂ ಅಕ್ಕಪಕ್ಕದವರ ಹೆಗಲ ಮೇಲೆ. ಬಿದ್ದರೆ ಊರಿಕೊಳ್ಳಲು ಅವನಿಗೆ ಕೈಯೇ ಇಲ್ಲ, ಕತ್ತೊಂದೇ. ಅದಕ್ಕಾಗಿ ಸ್ಕ್ರಮ್ಮನ್ನು ಬೇಕೆಂದೇ ಕೆಳಕ್ಕೆ ಎಳೆಯುವವನನ್ನು ರೆಫರಿ ಬಿಡಬಾರದು ಎಂದು ನಿಯಮ. ನಾನೇ ನಾಲ್ಕು ಸಲ ಟೈಪ್ ಮಾಡಿದ ನಿಯಮ.

ವೇಲ್ಸಿನವರ ಸಾಲಿನ ನಡುವೆ ಇದ್ದವನು ಡೇವಿ. ದಿನಾ ನಮ್ಮ ಆಫೀಸಿನಿಂದ ಟಪಾಲು ಒಯ್ಯುವ ಸಿಪಾಯಿ. ಊರಲ್ಲಿ ಅವನಿಗೊಂದು ಮಗುವಿದೆ, ಅದರ ಫೋಟೋ ನನಗೆ ಮೂರು ಸಲ ತೋರಿಸಿದ್ದಾನೆ. ಅವನ ಎದುರಿನ ಸಾಲಿನಲ್ಲಿ ನಮ್ಮ ಸಾಹೇಬರು.

ಮೊದಲನೆಯ ಸ್ಕ್ರಮ್ ಕುಸಿಯಿತು. ಸಾಹೇಬರ ಎಡಗೈ ಎದುರಿನವನ ಅಂಗಿ ಹಿಡಿದು ಕೆಳಕ್ಕೆ ಜಗ್ಗಿದ್ದನ್ನು ಕಣ್ಣಾರೆ ಕಂಡೆ. ಸಾಹೇಬರು ಎದ್ದು, ಕಾಲು ಜಾರಿತು ಬಾಬು, ಅಂದರು. ನಾನು ಜೇಬಿನಿಂದ ನೋಟ್‌ಬುಕ್ ತೆಗೆದು 'ಕಾಲು ಜಾರಿತು' ಎಂದು ಬರೆದುಕೊಂಡೆ. ಎರಡನೆಯ ಸಲವೂ ಅದೇ ಕೈ. "ಸರ್, ದಯವಿಟ್ಟು" ಎಂದೆ. ದಯವಿಟ್ಟು ಏನು? ಅದನ್ನು ಹೇಳುವ ಧೈರ್ಯವಿರಲಿಲ್ಲ.

ಮೂರನೆಯ ಸಲ ಇಡೀ ಗುಂಪು ನೆಲಕ್ಕೆ ಬಿತ್ತು. ಹಿಂದಿನವರಿಗೆ ಏನೂ ಕಾಣದು, ಅವರು ನೂಕುತ್ತಲೇ ಇದ್ದರು. ನಾನು ಎತ್ತಿ ಊದಿದೆ. ಫುಸ್. ಇನ್ನೊಮ್ಮೆ ಊದಿದೆ. ಫುಸ್. ಆ ರಾಶಿಯ ಅಡಿಯಿಂದ ಡೇವಿಯ ದನಿ ಕೇಳುತ್ತಿತ್ತು, ಆಮೇಲೆ ಕೇಳಿಸಲಿಲ್ಲ. ಅವನ ಬೂಟಿನ ಹಿಮ್ಮಡಿ ಮಾತ್ರ ಕಾಣುತ್ತಿತ್ತು.

ಯಾವಾಗ ಸೀಟಿ ಬಾಯೊಳಗೆ ಹೋಯಿತೋ ನನಗೆ ತಿಳಿಯದು. ಕಚ್ಚಿ ಹಿಡಿದು ಊದಿದೆ. ಉಸಿರು ಮುಗಿಯುವ ತನಕ ಊದಿದೆ, ಮತ್ತೆ ಊದಿದೆ. ಎಲ್ಲರೂ ನಿಂತರು. ಟಾಂಗಾದ ಕುದುರೆಗಳೂ ನಿಂತವು.

ಒಬ್ಬೊಬ್ಬರಾಗಿ ಎದ್ದರು. ಡೇವಿ ಏಳಲಿಲ್ಲ. ಯಾರೋ ಅವನ ರಟ್ಟೆ ಹಿಡಿದು ಎಬ್ಬಿಸಲು ಹೋದರು. ಮುಟ್ಟಬೇಡಿ, ಡಾಕ್ಟರು ಬರಲಿ ಎಂದು ನಾನು ಚೀರಿದೆ. ಡಾಕ್ಟರು ಬಂದರು, ಬೂಟು ಬಿಚ್ಚಿಸಿದರು, ಕಾಲ್ಬೆರಳು ಆಡಿಸು ಎಂದರು. ನನಗೆ ಆ ಬೆರಳುಗಳನ್ನು ನೋಡುವ ಧೈರ್ಯವಾಗಲಿಲ್ಲ, ಡಾಕ್ಟರ ಮುಖವನ್ನೇ ನೋಡುತ್ತಿದ್ದೆ. ಅವರು ತಲೆಯಾಡಿಸಿ ನಕ್ಕಾಗ ನನಗೆ ಅಳು ಬಂತು.

"ಕಾಲು ಜಾರಿತು" ಎಂದರು ಸಾಹೇಬರು.

"ಇಲ್ಲ ಸರ್. ನೀವು ಹೊರಗೆ ಹೋಗಿ ಸರ್."

ಯಾರ ಜೊತೆ ಮಾತಾಡುತ್ತಿದ್ದೀಯೆಂದು ಗೊತ್ತೇ ಎಂದು ಕೇಳಿದರು. ಗೊತ್ತು ಸರ್ ಎಂದೆ. ಅವರು ಹೋದರು. ನನ್ನ ಅಂಜಿಕೆ ಯಾರಿಗೂ ಕಾಣಲಿಲ್ಲ, ಪುಣ್ಯಕ್ಕೆ ಧೋತರ ಇತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಇಂದಿರಾ ಸ್ನಾನಕ್ಕೆ ನೀರು ಕಾಯಿಸಿದಳು. ಎಂಜಲಿನ ಮಾತೇ ಎತ್ತಲಿಲ್ಲ. ನೀರು ತೋಡಿ ಕೊಡುತ್ತ ಕೇಳಿದಳು.

"ಅಲ್ಲರೀ, ಮೊದಲನೇ ಸಲಾನೇ ಯಾಕ ಊದಲಿಲ್ಲ?"

ನೀನೇ ಎಂಜಲು ಅಂದಿದ್ದಿಯಲ್ಲ ಅಂದೆ. ಅಂದವನಿಗೇ ಅದು ಸುಳ್ಳೆಂದು ಗೊತ್ತಿತ್ತು. ಮೊದಲನೆಯ ಸ್ಕ್ರಮ್ಮಿನಲ್ಲಿ ನನ್ನ ತುಟಿಗೆ ಅಡ್ಡ ಬಂದದ್ದು ಸಾರ್ಜೆಂಟನ ಎಂಜಲಲ್ಲ, ಸಾಹೇಬರ ರಿಪೋರ್ಟು. ನಮ್ಮ ಮಡಿಯಲ್ಲಿ ಎಷ್ಟು ಪಾಲು ಇಂಥದ್ದೋ! ಅಂಜಿಕೆಗೆ ಒಂದು ಶುಭ್ರವಾದ ಧೋತರ ಉಡಿಸಿದರೆ ಅದು ಆಚಾರ.

ಸೋಮವಾರ ಆಫೀಸಿಗೆ ಹೋದೆ. ಸಾಹೇಬರು ಶನಿವಾರದ ಮಾತೇ ತೆಗೆಯಲಿಲ್ಲ. ಮೇಲಿನವರಿಗೆ ಒಂದು ಪತ್ರ ಬರೆಸಿದರು. ಈ ದೇಶದ ಜನ ತಮ್ಮ ತಮ್ಮಲ್ಲೇ ಹೊಡೆದಾಡುವವರು, ಯಾವ ಪಕ್ಷಕ್ಕೂ ಸೇರದ ನಾವು ಬ್ರಿಟಿಷರು ನಡುವೆ ನಿಲ್ಲದಿದ್ದರೆ ಇವರಿಗೆ ಗತಿಯಿಲ್ಲ ಎಂಬುದು ಅದರ ಸಾರಾಂಶ. ಹೇಳುತ್ತ ಹೇಳುತ್ತ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ಎತ್ತಲಿಲ್ಲ. ಒಂದು ಅಕ್ಷರ ತಪ್ಪಿಲ್ಲದೆ, ಮೂರು ಕಾರ್ಬನ್ ಇಟ್ಟು, ಟೈಪ್ ಮಾಡಿದೆ.

ಟಪಾಲಿಗೆ ಡೇವಿ ಬಂದ. ಕತ್ತಿಗೆ ದಪ್ಪ ಪಟ್ಟಿ ಸುತ್ತಿದ್ದರು. ಲಕೋಟೆ ತೆಗೆದುಕೊಂಡು, ಕತ್ತು ಹೊರಳದ್ದಕ್ಕೆ ಇಡೀ ಮೈಯನ್ನೇ ತಿರುಗಿಸಿ ನನಗೊಂದು ಸಲಾಮು ಹೊಡೆದು ಹೋದ. ಹಿಂದಕ್ಕೆ ಕೊಡಲು ಮರೆತ ಸೀಟಿ ನನ್ನ ಕೋಟಿನ ಜೇಬಿನಲ್ಲೇ ಇತ್ತು.

ಓದುಗರೇ, ಸುಳ್ಳೆಂದು ಗೊತ್ತಿದ್ದೂ ಟೈಪ್ ಮಾಡಿದ ಆ ಪತ್ರಕ್ಕೂ ನಾನು ಸೀಟಿಯನ್ನು ಎತ್ತಿಯೇ ಊದಿದೆನಲ್ಲವೇ?